ಇಪ್ಪತ್ತನಾಲ್ಕನೇ ಪ್ರಶ್ನೆ

ಇಪ್ಪತ್ತೊಂದು ದಿನದ ಕೂಸೊಂದು ಭದ್ರಾವತಿಗೆ ವಲಸೆ ಬಂದಿದೆ ಎಂದು ನಾನು ಬರೆದಿದ್ದೇನೆ. ತಮಾಷೆಗಲ್ಲ. ಭಾರತ ಸರ್ಕಾರದ ಫಾರಂನಲ್ಲಿ, ಚೌಕಗಳೊಳಗೆ ಒಂದೊಂದೇ ಅಕ್ಷರ ಕೂರಿಸಿ ಬರೆದೆ. ಕೂಸಿನ ಅಜ್ಜಿ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ಏನಮ್ಮಾ ಇದು, ಮಗು ಇನ್ನೂ ಕಣ್ಣೇ ಸರಿಯಾಗಿ ಬಿಟ್ಟಿಲ್ಲ, ಅದೆಲ್ಲಿಂದ ವಲಸೆ ಬರುತ್ತೆ?" ಎಂದರು.

ಶಿವಮೊಗ್ಗದಿಂದ. ಹೆರಿಗೆ ಅಲ್ಲಿನ ಆಸ್ಪತ್ರೆಯಲ್ಲಿ ಆಗಿತ್ತು. ನಾಲ್ಕನೇ ದಿನ ಕಾರಿನಲ್ಲಿ ಇಲ್ಲಿಗೆ ಕರೆತಂದಿದ್ದರು. ಹುಟ್ಟಿದ ಸ್ಥಳ ಅಂದರೆ ನಿಜವಾಗಿ ಹೆರಿಗೆಯಾದ ಜಾಗ. ಅಪ್ಪನ ಊರೂ ಅಲ್ಲ, ಅಮ್ಮನ ಊರೂ ಅಲ್ಲ. ತರಬೇತಿಯಲ್ಲಿ ಇದನ್ನು ನಮಗೆ ಎಷ್ಟು ಸಲ ಹೇಳಿದ್ದರೆಂದರೆ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆವು.

ಇದು 2011ರ ಜನಗಣತಿಯ ಮಾತು. ನಾನು ಭದ್ರಾವತಿಯಲ್ಲಿ ಪ್ರೈಮರಿ ಶಾಲೆ ಟೀಚರ್. ಚುನಾವಣೆ, ಪೋಲಿಯೋ, ಗಣತಿ ಯಾವುದೇ ಬಂದರೂ ಮೊದಲು ನೆನಪಾಗುವವರು ನಾವೇ. ಫೆಬ್ರವರಿ 9ರಿಂದ 28ರವರೆಗೆ ಮನೆಮನೆ ಸುತ್ತಬೇಕು. ಒಂದೊಂದು ಬ್ಲಾಕಿಗೆ ಹೆಚ್ಚುಕಡಿಮೆ ಆರುನೂರು ಜನ. ಆಮೇಲೆ ಮಾರ್ಚ್ 1ರಿಂದ 5ರವರೆಗೆ ಅದೇ ಮನೆಗಳಿಗೆ ಇನ್ನೊಂದು ಸುತ್ತು. ಒಬ್ಬೊಬ್ಬರಿಗೆ 29 ಪ್ರಶ್ನೆ. ಫಾರಂ ಮಡಚಬಾರದು, ಕಲೆ ಆಗಬಾರದು, ಅಕ್ಷರ ಚೌಕದ ಗೆರೆ ದಾಟಬಾರದು, ಯಾಕೆಂದರೆ ಓದುವುದು ಯಂತ್ರ. ಒಂದನೇ ಕ್ಲಾಸಿನ ಮಕ್ಕಳಿಗೆ ನಾನು ಹೇಳುವ ಮಾತನ್ನೇ ನನಗೆ ಯಾರೋ ಹೇಳುತ್ತಿದ್ದರು.

ಇಪ್ಪತ್ತಮೂರನೇ ಪ್ರಶ್ನೆಯವರೆಗೆ ಕೆಲಸ ಸರಾಗವಾಗಿ ಸಾಗುತ್ತಿತ್ತು. ಹೆಸರು, ವಯಸ್ಸು, ಮದುವೆ, ಓದು, ಕೆಲಸ, ಹೀಗೆ. ಇಪ್ಪತ್ತನಾಲ್ಕಕ್ಕೆ ಬಂದರೆ ಜನ ಕೂರಿಸಿ ಮಾತಾಡಲು ಶುರು ಮಾಡುತ್ತಿದ್ದರು. 24, ಹುಟ್ಟಿದ ಸ್ಥಳ. 25, ಇದಕ್ಕೆ ಮುಂಚೆ ಎಲ್ಲಿ ವಾಸವಿದ್ದಿರಿ. 26, ಯಾಕೆ ಬಂದಿರಿ. 27, ಬಂದು ಎಷ್ಟು ವರ್ಷವಾಯಿತು. ಈ ನಾಲ್ಕಕ್ಕೇ ಉಳಿದದ್ದೆಲ್ಲ ಸೇರಿ ಹಿಡಿದಷ್ಟು ಹೊತ್ತು ಹಿಡಿಯುತ್ತಿತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 1948ರ ಗಣತಿ ಕಾಯ್ದೆ ಪ್ರಕಾರ ಮನೆಗಳಲ್ಲಿ ಬರೆದುಕೊಂಡದ್ದನ್ನು ಹೊರಗೆ ಹೇಳುವಂತಿಲ್ಲ. ಹಾಗಾಗಿ ಇಲ್ಲಿ ಯಾರ ಹೆಸರೂ ಇಲ್ಲ. ಬೀದಿ, ವಯಸ್ಸುಗಳನ್ನು ಅಲ್ಲಲ್ಲಿ ಕಲಸಿಬಿಟ್ಟಿದ್ದೇನೆ. ಭದ್ರಾವತಿಯವರು ಇದು ಯಾರ ಮನೆ ಎಂದು ಹುಡುಕಲು ಹೋಗಬೇಡಿ.

ಭದ್ರಾವತಿಯಲ್ಲಿ ಈ ಪ್ರಶ್ನೆ ಕೇಳುವುದೇ ಒಂದು ಮಜಾ. ಇದು ಕಾರ್ಖಾನೆ ಕಟ್ಟಿದ ಊರು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು, ಆಮೇಲೆ ಕಾಗದದ್ದು. ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು, ಇದ್ದಿಲು ಸುತ್ತಲಿನ ಕಾಡಿನಿಂದ, ಕೆಲಸಗಾರರು ಎಲ್ಲಿಂದೆಲ್ಲಿಂದಲೋ. ನಮ್ಮ ಬೀದಿಯಲ್ಲಿ ಬೆಳಿಗ್ಗೆ ನಲ್ಲಿ ಮುಂದೆ ನಿಂತರೆ ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳ ಎಲ್ಲ ಒಂದೇ ಜಗಳದಲ್ಲಿ ಕೇಳಿಸುತ್ತವೆ.

ಹಳೇನಗರದ ಕಡೆ ಒಬ್ಬ ಅಜ್ಜ ಸಿಕ್ಕರು. "ಹುಟ್ಟಿದ್ದೆಲ್ಲಿ ಅಜ್ಜಾ?" ಎಂದೆ. "ಬೆಂಕಿಪುರ" ಎಂದರು. "ಈಗ ಇರೋದು?" ಎಂದು ನಾನೂ ಸುಮ್ನೆ ಕೇಳಿದೆ. "ಭದ್ರಾವತಿ" ಎಂದು ನಕ್ಕರು. ಎರಡೂ ಒಂದೇ ಊರು. ಬೆಂಕಿಪುರ ಭದ್ರಾವತಿಯ ಹಳೇ ಹೆಸರು. ಅಜ್ಜ ಹುಟ್ಟುವ ಹೊತ್ತಿಗೆ ಹೊಸ ಹೆಸರು ಬಂದಾಗಿರಬೇಕು, ಮನೆಯವರು ಹಳೇ ಹೆಸರಲ್ಲೇ ಕರೆಯುತ್ತಿದ್ದರೇನೋ. ನಿಯಮದ ಪ್ರಕಾರ ಸ್ಥಳದ ಈಗಿನ ಹೆಸರು ಬರೆಯಬೇಕು. ಹಾಗಾಗಿ ಅಜ್ಜ ವಲಸಿಗರಲ್ಲ, ಇದ್ದಲ್ಲೇ ಇದ್ದವರು. ನನ್ನ ಇಡೀ ಬ್ಲಾಕಿನಲ್ಲಿ ಅಷ್ಟು ವಯಸ್ಸಾಗಿಯೂ ಕದಲದೆ ಇದ್ದವರು ಅವರೊಬ್ಬರೇ.

ಅವರ ಎದುರು ಮನೆಯ ತಮಿಳು ಅಜ್ಜಿ ಸೇಲಂ ಜಿಲ್ಲೆ ಎಂದರು. ಕೃಷ್ಣಗಿರಿ ಹತ್ತಿರದ ಹಳ್ಳಿ. ಅಪ್ಪ ಕಾರ್ಖಾನೆಯ ಇದ್ದಿಲಿಗೆ ಮರ ಕಡಿಯಲು ಬಂದವರು. ಈಕೆಗೆ ಆಗ ಆರು ವರ್ಷ. ಮೊಮ್ಮಗ ಒಳಗಿನಿಂದಲೇ ಕೂಗಿದ, "ಸೇಲಂ ಅಲ್ಲ ಪಾಟೀ, ಧರ್ಮಪುರಿ." ಅವನೂ ಹಳೇ ಲೆಕ್ಕದಲ್ಲೇ ಇದ್ದ. ಸೇಲಂನಿಂದ 1965ರಲ್ಲಿ ಧರ್ಮಪುರಿ ಜಿಲ್ಲೆ ಆಯಿತು. ಧರ್ಮಪುರಿಯಿಂದ 2004ರಲ್ಲಿ ಕೃಷ್ಣಗಿರಿಯೇ ಬೇರೆ ಜಿಲ್ಲೆಯಾಯಿತು. ನಾನು ಕೃಷ್ಣಗಿರಿ ಎಂದು ಬರೆದೆ. ಅಜ್ಜಿಗೆ ಸಮಾಧಾನವಾಗಲಿಲ್ಲ. ತಾನು ಸೇಲಂ ಜಿಲ್ಲೆಯಿಂದ ಬಂದವಳು ಎಂದು ಎಪ್ಪತ್ತು ವರ್ಷ ಹೇಳಿಕೊಂಡು ಬಂದಿದ್ದಾರೆ, ನಾನು ಒಂದು ನಿಮಿಷದಲ್ಲಿ ಬದಲಾಯಿಸಿಬಿಟ್ಟೆ.

ಇದಕ್ಕಿಂತ ವಿಚಿತ್ರ ನಮ್ಮ ಹೊನ್ನಾಳಿಯವರದು. ಹೊನ್ನಾಳಿ, ಚನ್ನಗಿರಿ ಎರಡೂ ಮೊದಲು ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದವು. 1997ರಲ್ಲಿ ದಾವಣಗೆರೆ ಜಿಲ್ಲೆ ಮಾಡಿದಾಗ ಅತ್ತ ಹೋದವು. ಚನ್ನಗಿರಿ ತಾಲ್ಲೂಕು ನಮಗೆ ಪಕ್ಕದ್ದು, ಹೆಣ್ಣು ಕೊಡುವುದು ತರುವುದು ನಡೆದೇ ಇರುತ್ತದೆ. ಅಲ್ಲಿ ಹುಟ್ಟಿ, 1980ರಲ್ಲಿ ಮದುವೆಯಾಗಿ ಬಂದ ಹೆಂಗಸು ಬಂದದ್ದು ಒಂದೇ ಜಿಲ್ಲೆಯೊಳಗೆ. ನನ್ನ ಫಾರಂನಲ್ಲಿ ಆಕೆ ಹೊರಜಿಲ್ಲೆಯವರು. ಆಕೆ ಮನೆಯ ಹೊಸಿಲು ದಾಟಿಲ್ಲ, ಗಡಿಯೇ ಎದ್ದು ಹೋಗಿದೆ.

ಹೆಂಗಸರ ವಿಷಯಕ್ಕೆ ಬಂದೆವು. ಹೆಚ್ಚು ಕಲಿತದ್ದು ಇಲ್ಲೇ.

ಮನೆಗೆ ಹೋದಾಗ ಗಂಡಸರಿದ್ದರೆ ಎಲ್ಲರ ಪರವಾಗಿ ಅವರೇ ಉತ್ತರ ಕೊಡುತ್ತಾರೆ. ಹೆಂಡತಿಯ ವಯಸ್ಸು ಹೇಳುತ್ತಾರೆ, ಓದು ಹೇಳುತ್ತಾರೆ. "ಹುಟ್ಟಿದ್ದು?" ಎಂದರೆ ಥಟ್ಟನೆ ಮಾವನ ಮನೆ ಊರು ಹೇಳುತ್ತಾರೆ. ಆಗ ಅಡುಗೆಮನೆಯಿಂದ ದನಿ ಬರುತ್ತದೆ, "ಅಲ್ಲ ರೀ, ನಾನು ಹುಟ್ಟಿದ್ದು ಅಲ್ಲಲ್ಲ. ಅಜ್ಜಿ ಮನೇಲಿ." ಮೂವತ್ತು ವರ್ಷ ಸಂಸಾರ ಮಾಡಿದ ಗಂಡನಿಗೆ ಹೆಂಡತಿ ಎಲ್ಲಿ ಹುಟ್ಟಿದಳೆಂದು ಗೊತ್ತಿಲ್ಲ. ಇದನ್ನು ಒಂದು ಮನೆಯಲ್ಲಲ್ಲ, ಹತ್ತಾರು ಮನೆಯಲ್ಲಿ ನೋಡಿದೆ.

ಕಾರಣ ಸುಲಭ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಲ್ಲಿ. ಮೊದಲ ಮಗು ಹುಟ್ಟುವುದು ತಾಯಿಯ ತವರಿನಲ್ಲಿ, ಎರಡನೆಯದು ಮೂರನೆಯದು ಹೆಚ್ಚಾಗಿ ಗಂಡನ ಮನೆಯಲ್ಲಿ. ಹಾಗಾಗಿ ಒಂದೇ ಮನೆಯ ಮೂವರು ಅಣ್ಣತಮ್ಮಂದಿರಲ್ಲಿ ದೊಡ್ಡವನು ವಲಸಿಗ, ಉಳಿದಿಬ್ಬರು ಇಲ್ಲಿಯವರು. ಇಂಥ ಒಂದು ಮನೆಯಲ್ಲಿ ಆಸ್ತಿ ತಕರಾರು ನಡೆಯುತ್ತಿತ್ತು. ಕೊನೆಯವನು ಫಾರಂ ಇಣುಕಿ ನೋಡಿ, "ನೋಡಮ್ಮ, ಸರ್ಕಾರವೇ ಬರೀತಿದೆ, ಅಣ್ಣ ಹೊರಗಿನವನು" ಎಂದ. ನಕ್ಕೆನೇನೋ ಹೌದು, ಆದರೆ ಬೇಗ ಬೇಗ ಬರೆದು ಎದ್ದುಬಿಟ್ಟೆ.

ಈ ಗೊಂದಲ ಗೊತ್ತಿದ್ದೇ 26ನೇ ಪ್ರಶ್ನೆಯ ಕಾರಣಗಳಲ್ಲಿ 'ಹುಟ್ಟಿದ ನಂತರ ಬಂದದ್ದು' ಎಂದು ಒಂದು ಇಟ್ಟಿದ್ದಾರೆ. ಒಟ್ಟು ಏಳು ಕಾರಣ: ಕೆಲಸ, ವ್ಯಾಪಾರ, ಓದು, ಮದುವೆ, ಹುಟ್ಟಿದ ನಂತರ ಬಂದದ್ದು, ಮನೆಯವರ ಜೊತೆ ಬಂದದ್ದು, ಇತರೆ. ಒಂದು ಜೀವ ಊರು ಬಿಡುವ ಎಲ್ಲ ಕಾರಣವೂ ಈ ಏಳರೊಳಗೆ ಹಿಡಿಯಬೇಕು. ನಾಲ್ಕು ಅಂದರೆ ಮದುವೆ. ನನ್ನ ಕೈ ಅದನ್ನು ಎಷ್ಟು ಸಲ ಬರೆಯಿತೋ ಲೆಕ್ಕವಿಲ್ಲ. ವರ್ಷಗಳ ನಂತರ ಅಂಕಿಅಂಶ ಹೊರಬಂದಾಗ ದೇಶದಲ್ಲಿ 45 ಕೋಟಿಗೂ ಜಾಸ್ತಿ ಜನ ಒಂದಲ್ಲ ಒಂದು ಕಡೆಯಿಂದ ಬಂದವರು ಎಂದಿತ್ತು. ಕಾರಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮದುವೆ. ಪೇಪರಿನವರು ವಲಸೆ ಎಂದು ಬರೆದು ರೈಲು ಹತ್ತುವ ಕೂಲಿಗಳ ಫೋಟೋ ಹಾಕಿದ್ದರು. ಹಾಕಬೇಕಾದದ್ದು ಮಡಿಲಕ್ಕಿ ಕಟ್ಟಿಕೊಂಡ ಹುಡುಗಿಯ ಫೋಟೋ ಅಲ್ವಾ?

ಏಳನೆಯ 'ಇತರೆ' ಅಪರೂಪ. ನನ್ನ ಬ್ಲಾಕಿನಲ್ಲಿ ಒಬ್ಬರು ಇದೇ ಬೀದಿಯಲ್ಲಿ ಹುಟ್ಟಿ ಬೆಳೆದವರು. ಕುವೈತಿಗೆ ಹೋಗಿ ದುಡಿಯುತ್ತಿದ್ದರು. 1990ರಲ್ಲಿ ಇರಾಕ್ ನುಗ್ಗಿದಾಗ ಎಲ್ಲ ಬಿಟ್ಟು ಅಮ್ಮಾನ್ ಸೇರಿ, ಅಲ್ಲಿಂದ ವಿಮಾನದಲ್ಲಿ ಬಂದರು. ಹುಟ್ಟಿದ್ದು ಇಲ್ಲೇ, ಆದರೆ ಹಿಂದಿನ ವಾಸ ಕುವೈತ್. ನಿಯಮದಂತೆ ಅವರೂ ವಲಸೆ ಬಂದವರೇ. "ನನ್ನ ಮನೆಗೆ ನಾನು ವಾಪಸ್ ಬಂದರೆ ವಲಸೆನಾ?" ಎಂದು ರೇಗಿದರು. ಅರ್ಧ ಗಂಟೆ ಆದ ಮೇಲೆ ಅವರೇ ಪಾಸ್‌ಪೋರ್ಟ್ ತಂದು ತೋರಿಸಿ, ಆ ಬಸ್ಸು, ಆ ಮರಳು, ಆ ಬಾಯಾರಿಕೆ ಎಲ್ಲ ಹೇಳಿದರು. ನಾನು ಬರೆದದ್ದು ಒಂದೇ ಅಂಕಿ, 7.

ಬೀಗ ಹಾಕಿದ ಮನೆಗಳೂ ಇದ್ದವು. ಇನ್ನು ಕೆಲವು ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರೇ. "ಮಗನನ್ನೂ ಬರ್ಕೊಳ್ಳಿ ಟೀಚರ್, ಅವನೂ ಈ ಮನೆಯವನೇ" ಎಂದು ಒತ್ತಾಯ. ಮಗ ಬೆಂಗಳೂರಲ್ಲಿ. ಈ ಇಪ್ಪತ್ತು ದಿನದಲ್ಲಿ ಒಂದು ದಿನವೂ ಬರುವುದಿಲ್ಲ. ಹಾಗಿದ್ದರೆ ಇಲ್ಲಿ ಬರೆಯುವಂತಿಲ್ಲ, ಅವನನ್ನು ಬೆಂಗಳೂರಿನ ಯಾರೋ ಟೀಚರ್ ಬರೆಯುತ್ತಾರೆ. ಹೀಗೆ ಹೇಳಿದಾಗ ಒಬ್ಬ ತಾಯಿಯ ಮುಖ ಪೆಚ್ಚಾಯಿತು. ರೇಷನ್ ಕಾರ್ಡಿನಿಂದ ಹೆಸರು ತೆಗೆದ ಹಾಗೆ ಆಯಿತೇನೋ. ಆ ಗಣತಿಯಲ್ಲಿ ನಮ್ಮ ಊರಿನ ಜನಸಂಖ್ಯೆ ಹತ್ತು ವರ್ಷದ ಹಿಂದಿಗಿಂತ ಕಡಿಮೆ ಬಂತು, ಸುಮಾರು ಒಂದೂವರೆ ಲಕ್ಷ. ದೇಶವೆಲ್ಲ ಏರುವಾಗ ಇಳಿದ ಊರು. ಕಾರ್ಖಾನೆಯಲ್ಲಿ ಕೆಲಸ ಕಮ್ಮಿಯಾದದ್ದು ನಮಗೆ ಗೊತ್ತಿದ್ದದ್ದೇ, ಆದರೆ ನಾನೇ ಬರೆದ ಫಾರಂಗಳಲ್ಲಿ ಅದು ಕಂಡಾಗ ಬೇರೆ ಥರ ಅನಿಸಿತು.

ಫೆಬ್ರವರಿ 28ರ ರಾತ್ರಿ ಮನೆ ಇಲ್ಲದವರ ಎಣಿಕೆ. ಇದೊಂದು ದೇಶವಿಡೀ ಒಂದೇ ರಾತ್ರಿ. ನಾವು ನಾಲ್ಕು ಜನ ಟೀಚರ್‌ಗಳು ಟಾರ್ಚ್ ಹಿಡಿದು ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಸುತ್ತಿದೆವು. ಸ್ಟೇಷನ್ ಹೊರಗೆ ಒಂದು ಕುಟುಂಬ ಮಲಗಿತ್ತು. ಕೂದಲಿಗೆ ಪಾತ್ರೆ ಕೊಡುವವರು. ಹೆಂಗಸು ಎದ್ದು ಕೂತಳು. ನನಗೆ ಮುಜುಗರ. ಮನೆಯೇ ಇಲ್ಲದವರನ್ನು ಹುಟ್ಟಿದ ಸ್ಥಳ ಯಾವುದೆಂದು ಹೇಗೆ ಕೇಳುವುದು?

ಆಕೆಗೆ ಯಾವ ಅನುಮಾನವೂ ಇರಲಿಲ್ಲ. "ತರೀಕೆರೆ ದಾಟಿ, ಬೀರೂರು ಬರೋಕೆ ಮುಂಚೆ, ರಸ್ತೆ ಎಡಕ್ಕೆ ಎರಡು ಹುಣಸೆ ಮರ ಐತೆ. ಆ ಕಡೆ ಮರದ ಕೆಳಗೆ" ಎಂದಳು. "ಈ ಕಡೆ ಮರದ ಕೆಳಗೆ ನಮ್ಮಣ್ಣ."

ಆರುನೂರು ಜನರಲ್ಲಿ ಇಷ್ಟು ಕರಾರುವಾಕ್ಕಾಗಿ ಯಾರೂ ಹೇಳಿರಲಿಲ್ಲ. ಮರಕ್ಕೆ ಜಾಗವಿಲ್ಲ, ಬೀರೂರು ಎಂದು ಬರೆದೆ. ಹಿಂದಿನ ವಾಸ, ಬಂದ ಕಾರಣ, ಎಷ್ಟು ವರ್ಷ ಎಂಬ ಮೂರಕ್ಕೂ ಆಕೆ ನಕ್ಕಳು. "ನೆನ್ನೆ ಕಡೂರು, ನಾಳೆ ಶಿವಮೊಗ್ಗ" ಎಂದಳು. ಗಂಡ ಮಗ್ಗುಲು ತಿರುಗಿ, ಬೆಳಕು ಆರಿಸಿ ಎಂದ. ಆರಿಸಿದೆವು.

ಇನ್ನು ನಮ್ಮ ಮನೆ ಕಥೆ.

ನಮ್ಮ ಮನೆ ನನ್ನ ಬ್ಲಾಕಿನಲ್ಲಿ ಇರಲಿಲ್ಲ. ಅಲ್ಲಿಗೆ ಬೇರೆ ಶಾಲೆಯ ಮೇಷ್ಟ್ರು ಬಂದು ಹೋಗಿದ್ದರು. ನಾನು ಊರವರ ಮನೆಯಲ್ಲಿದ್ದೆ, ನಮ್ಮ ಮನೆಯಲ್ಲಿ ಎಲ್ಲರ ಉತ್ತರ ಕೊಟ್ಟದ್ದು ಅಮ್ಮ. ಮಾರ್ಚ್ ಒಂದರ ಸಂಜೆ ಸುಮ್ನೆ ಕೇಳಿದೆ, "ನೀನು ಹುಟ್ಟಿದ್ದು ಎಲ್ಲಿ ಅಂತ ಬರೆಸಿದೆ?"

"ಸಾಗರ ಅಂದೆ."

ಅಮ್ಮ ಹುಟ್ಟಿದ್ದು ಸಾಗರದಲ್ಲಲ್ಲ. ಸಾಗರ ತಾಲ್ಲೂಕು ಹೌದು, ಆದರೆ ಶರಾವತಿ ಹೊಳೆ ಆಚೆಯ ಹಳ್ಳಿ, ಮಡೆನೂರಿನ ಸೀಮೆ. ತಾರೀಖು ಗೊತ್ತಿಲ್ಲ. ಮಡೆನೂರು ಡ್ಯಾಮ್ ಮುಗಿದ ವರ್ಷ ಎಂದು ಅಜ್ಜಿ ಹೇಳುತ್ತಿದ್ದರಂತೆ. ಹಿರೇಭಾಸ್ಕರ ಅಣೆಕಟ್ಟು ಅಂದರೆ ಅದೇ, 1948. ವಯಸ್ಸು ಗೊತ್ತಿಲ್ಲದವರಿಗೆ ಇಂಥ ಘಟನೆ ಹಿಡಿದು ಲೆಕ್ಕ ಹಾಕಿ ಎಂದು ನಮಗೂ ಹೇಳಿಕೊಟ್ಟಿದ್ದರು. ಆ ಡ್ಯಾಮು ಅಮ್ಮನ ಹಳ್ಳಿಯನ್ನು ಮುಟ್ಟಲಿಲ್ಲ. ಆಮೇಲೆ ಅದಕ್ಕಿಂತ ಎಷ್ಟೋ ದೊಡ್ಡದು ಕೆಳಗೆ ಲಿಂಗನಮಕ್ಕಿಯಲ್ಲಿ ಎದ್ದಿತು, 1964ರಲ್ಲಿ. ಅದರ ನೀರು ಮೊದಲಿನ ಡ್ಯಾಮನ್ನೇ ಮುಳುಗಿಸಿತು, ಇನ್ನು ಹಳ್ಳಿ ಯಾವ ಲೆಕ್ಕ. ಬೇಸಿಗೆಯಲ್ಲಿ ಹಿನ್ನೀರು ಪೂರ್ತಿ ಇಳಿದರೆ ಹಳೇ ಡ್ಯಾಮು ಈಗಲೂ ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಮನೆಗಳು ಕಾಣುವುದಿಲ್ಲ. ಮಣ್ಣಿನ ಗೋಡೆ ಎಷ್ಟು ವರ್ಷ ನಿಂತೀತು?

ಅಮ್ಮನಿಗೆ ಆಗ ಹದಿನಾರು. ತೊಲೆ, ಹೆಂಚು, ಬಾಗಿಲ ಚೌಕಟ್ಟು ಕಿತ್ತು ಲಾರಿಗೆ ತುಂಬಿ, ದನ ಹೊಡೆದುಕೊಂಡು, ಶಿವಮೊಗ್ಗದ ಕಡೆ ಕಾಡು ಕಡಿದ ಜಾಗದಲ್ಲಿ ಇಳಿದರು. ಎರಡು ವರ್ಷಕ್ಕೆ ಮದುವೆ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು, ಭದ್ರಾವತಿಗೆ ಬಂದಳು. ನಾನು ಚೊಚ್ಚಲು. ಹುಟ್ಟಿದ್ದು ಆ ಹೊಸ ಜಾಗದಲ್ಲಿ, ತಗಡು ಹೊದಿಸಿದ ಕೋಣೆಯಲ್ಲಿ. ಅಂದರೆ ನಾನೂ ಆ ಇಪ್ಪತ್ತೊಂದು ದಿನದ ಕೂಸಿನ ಥರವೇ, ಕಾರಣ 5. ಅಮ್ಮನ ಬಾಯಲ್ಲಿ ಇಂದಿಗೂ 'ಮುಳುಗಡೆ ಮುಂಚೆ', 'ಮುಳುಗಡೆ ಆದ್ಮೇಲೆ' ಎಂದು ಎರಡೇ ಕಾಲ. ಅಪ್ಪ ತೀರಿಕೊಂಡದ್ದು ಕೂಡ ಆಕೆಗೆ 'ಮುಳುಗಡೆ ಆಗಿ ಮೂವತ್ತನೇ ವರ್ಷ'.

"ಸಾಗರ ಅಂತ ಯಾಕೆ ಬರೆಸಿದೆ?" ಎಂದೆ.

"ಆ ಮೇಷ್ಟ್ರು ಈಗ ಊರಿನ ಹೆಸರು ಏನು ಅಂದ್ರು. ಈಗ ಏನು ಹೆಸರು? ನೀರು. ಪಾಪ ಅವರಿಗೂ ಬಿಸಿಲು, ಸಾಗರ ಅಂದುಬಿಟ್ಟೆ."

ನನಗೆ ಮನಸ್ಸು ತಡೆಯಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿದೆ. ಫಾರಂ ಇನ್ನೂ ಅವರ ಹತ್ತಿರವೇ ಇತ್ತು. ಎರಡನೇ ಸುತ್ತಿಗೆ ಹೇಗೂ ಬರಬೇಕಿತ್ತಲ್ಲ, ಮೂರನೇ ತಾರೀಖು ಬಂದರು. ಅವರಿಗೂ ಗೊಂದಲ. ಎರಡನೇ ಸುತ್ತು ಇರುವುದು ನಡುವೆ ಹುಟ್ಟಿದವರು, ಸತ್ತವರು, ಬಂದವರು, ಹೋದವರಿಗಾಗಿ. ಅರವತ್ತು ವರ್ಷದ ಹಿಂದಿನದನ್ನು ತಿದ್ದಲು ಅಲ್ಲ. "ಟೀಚರ್, ಜಿಲ್ಲೆ ಶಿವಮೊಗ್ಗನೇ ಅಲ್ವಾ, ಏನು ವ್ಯತ್ಯಾಸ ಆಗುತ್ತೆ?" ಎಂದರು.

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕೊನೆಗೆ ಪ್ರಕಟವಾಗುವ ಪಟ್ಟಿಯಲ್ಲಿ ಹಳ್ಳಿಯ ಹೆಸರು ಇರುವುದೇ ಇಲ್ಲ. ಇಲ್ಲೇ ಹುಟ್ಟಿದವರು, ಜಿಲ್ಲೆಯ ಬೇರೆ ಕಡೆ ಹುಟ್ಟಿದವರು, ರಾಜ್ಯದ ಬೇರೆ ಜಿಲ್ಲೆಯಲ್ಲಿ ಹುಟ್ಟಿದವರು, ಹೀಗೆ ಗುಂಪು ಗುಂಪು. ಸಾಗರ ಎಂದರೂ ಅಮ್ಮ ಎರಡನೇ ಗುಂಪು, ಹಳ್ಳಿ ಎಂದರೂ ಎರಡನೇ ಗುಂಪು. ನೀರಿನ ಒಳಗಾದರೇನು, ಹೊರಗಾದರೇನು.

ನನಗೆ ಅದಕ್ಕಿಂತ ಚುಚ್ಚಿದ್ದು ಪಕ್ಕದ ಕಾಲಂ. ಬಂದ ಕಾರಣ: 4, ಮದುವೆ. ಅದೂ ಸರಿಯೇ. ಕೇಳುವುದು ಕೊನೆಯ ಸಲ ಊರು ಬದಲಾಯಿಸಿದ್ದರ ಕಾರಣ. ಅಮ್ಮ ಕೊನೆಗೆ ಬಂದದ್ದು ಮದುವೆಯಾಗಿಯೇ. ಅದಕ್ಕೆ ಮುಂಚಿನ ಲಾರಿ, ಕಿತ್ತ ಚೌಕಟ್ಟು, ಏರುತ್ತಿದ್ದ ನೀರು ಯಾವ ಕಾಲಂನಲ್ಲೂ ಬರಲಿಲ್ಲ. ಹೊಸ ಜಾಗದಲ್ಲೇ ಉಳಿದ ದೊಡ್ಡಮಾವನ ಫಾರಂನಲ್ಲಾದರೂ ಏನಿದ್ದೀತು? ಆಗ ಅವರು ಹುಡುಗ, ಹಾಗಾಗಿ 6, ಮನೆಯವರ ಜೊತೆ ಬಂದದ್ದು. ಅಜ್ಜ ಬದುಕಿದ್ದಿದ್ದರೆ 7 ಆಗುತ್ತಿತ್ತು, ಇತರೆ. ರಾಜ್ಯಕ್ಕೆಲ್ಲ ಕರೆಂಟ್ ಕೊಟ್ಟ ಅಣೆಕಟ್ಟು ಗಣತಿಯಲ್ಲಿ 'ಇತರೆ', ಅದೂ ಅಜ್ಜ ಬದುಕಿದ್ದರೆ.

ಆದರೂ ತಿದ್ದಿ ಎಂದೆ. ಮೇಷ್ಟ್ರು ಒಂದು ಗೆರೆ ಎಳೆದರು. ಅಮ್ಮ ಹಳ್ಳಿಯ ಹೆಸರು ಹೇಳಿದಳು. ಮೇಷ್ಟ್ರಿಗೆ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿದಳು. ಎರಡನೇ ಸಲ ದನಿ ಸ್ವಲ್ಪ ಗಟ್ಟಿಯಾಗಿತ್ತು. ನಾನು ಆ ಹೆಸರನ್ನು ಚಿಕ್ಕಂದಿನಿಂದ ಕೇಳಿದ್ದೆ, ಬರೆದದ್ದನ್ನು ನೋಡಿದ್ದು ಅದೇ ಮೊದಲು. ಒಂದು ಒತ್ತಕ್ಷರ ತಪ್ಪಿತ್ತು. ಯಂತ್ರ ಓದುವುದಕ್ಕೆ ಅಡ್ಡಿಯಾದೀತೆಂದು ಮತ್ತೆ ತಿದ್ದಿಸಲಿಲ್ಲ.

ಮೇಷ್ಟ್ರು ಫಾರಂ ಚೀಲಕ್ಕೆ ಸೇರಿಸಿ ಏಳುವಷ್ಟರಲ್ಲಿ ಅಮ್ಮ ಕಾಫಿ ತಂದಳು. ಕೊಟ್ಟು, ಎದುರಿಗೆ ಕೂತು, ಬಂದವರನ್ನೆಲ್ಲ ಕೇಳುವುದನ್ನೇ ಕೇಳಿದಳು.

"ನಿಮ್ಮದು ಯಾವೂರು ಮೇಷ್ಟ್ರೇ?"

"ನಾನು ಹುಟ್ಟಿದ್ದು ದಾವಣಗೆರೆ ಆಸ್ಪತ್ರೇಲಿ ಅಮ್ಮ" ಎಂದರು ಅವರು. ಇಪ್ಪತ್ತು ದಿನದ ಅಭ್ಯಾಸ.

"ಹುಟ್ಟಿದ್ದಲ್ಲ. ಊರು."

ಅವರು ಲೋಟ ಕೆಳಗಿಟ್ಟರು. "ಊರು ಹರಪನಹಳ್ಳಿ ತಾಲ್ಲೂಕು" ಎಂದರು.

"ಅದು ಬಳ್ಳಾರಿ ಅಲ್ವಾ?"

"ಮುಂಚೆ ಬಳ್ಳಾರಿ. ಈಗ ದಾವಣಗೆರೆ." ಈಚೆಗೆ ಅದು ಮತ್ತೆ ಬಳ್ಳಾರಿಗೆ ಹೋಗಿ, ಅಲ್ಲಿಂದ 2021ರಲ್ಲಿ ವಿಜಯನಗರ ಜಿಲ್ಲೆ ಸೇರಿದೆ, ಆದರೆ ಅವತ್ತು ನಮಗೆ ಅದು ಹೇಗೆ ಗೊತ್ತಿರಬೇಕು.

"ಮನೆ ಇದೆಯಾ ಅಲ್ಲಿ?"

"ಇದೆ. ಅಣ್ಣ ಇದಾನೆ. ನಾನು ಹೋಗಿ ಮೂರು ವರ್ಷ ಆಯ್ತು."

ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಆಮೇಲೆ, "ಕಾಫಿ ಆರುತ್ತೆ, ಕುಡೀರಿ" ಎಂದಳು.